ಬುಕ್ಕಾಂಬುಧಿಗೆ ಹೋಗುವ ಹುರುಳಿ ಸಾರು

ಕಡೂರು
೧೬ ನವೆಂಬರ್ ೨೦೨೫, ಭಾನುವಾರ

ದ್ವಾರಕಾನಾಥ ಅವರಿಗೆ,

ನಮಸ್ಕಾರ. ಹೆಸರಿನ ಹಿಂದೆ ಏನು ಸೇರಿಸಬೇಕೆಂದು ತೋಚದೆ ಬರೀ ಹೆಸರನ್ನೇ ಬರೆದಿದ್ದೇನೆ, ಬೇಸರಪಡಬೇಡಿ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೆಯ ಮಾತಿಗೇ ದನಿ ಏರಿಸುತ್ತೇವೆ. ಕಾಗದವಾದರೆ ನಾನು ಮುಗಿಸುವವರೆಗೂ ನೀವು ಬಾಯಿ ಹಾಕುವಂತಿಲ್ಲ.

ನನಗೊಂದು ಕುತೂಹಲ ಹತ್ತಿದೆ. ಕಳೆದ ತಿಂಗಳು ತರೀಕೆರೆಯಲ್ಲಿ ನಮ್ಮ ಶ್ರೀಜಾಳ ಮಗುವಿನ ನಾಮಕರಣದ ದಿನ ಅದು ಶುರುವಾಯಿತು. ನೀವು ಎದುರು ಪಂಕ್ತಿಯಲ್ಲಿ ಕೂತಿದ್ದಿರಿ. ಒಬ್ಬಟ್ಟಿನ ತಟ್ಟೆ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದಿರಿ. ಬಡಿಸುವವನು ನಂಬದೆ ಮತ್ತೊಮ್ಮೆ ಕೇಳಿದ, ನೀವು ಮತ್ತೊಮ್ಮೆ ಬೇಡವೆಂದಿರಿ. ಅನ್ನ ಒಂದೇ ಸೌಟು. ಕೋಸಂಬರಿ ಬಂದಾಗಲೆಲ್ಲ ಹಾಕಿಸಿಕೊಂಡಿರಿ. ಹಸಿ ಸೌತೆಕಾಯಿ ಕಂಡರೆ ಇದು ದನದ ಮೇವು ಎನ್ನುತ್ತಿದ್ದ ಮನುಷ್ಯ ಇವರೇನಾ ಎಂದು ನಾನು ಕನ್ನಡಕ ಒರೆಸಿಕೊಂಡು ನೋಡಿದೆ.

ಶ್ರೀಜಾಳನ್ನು ಕೇಳಿದರೆ, “ಅಪ್ಪನ್ನೇ ಕೇಳಮ್ಮ, ಅವರೇನು ಮೂಗರಾ?” ಎಂದಳು. ನಿಮ್ಮ ತಮ್ಮ ಭಾರ್ಗವ ಮಾತ್ರ ಹತ್ತಿರ ಬಂದು ನಗುತ್ತಾ, “ಅತ್ತಿಗೆ, ಅಣ್ಣ ಈಗ ಅಡುಗೆ ಮಾಡ್ತಾನೆ. ನಿಜವಾಗ್ಲೂ. ಸೊಪ್ಪು ಬಿಡಿಸ್ತಾ ಕೂತಿದ್ದ, ನಾನೇ ನೋಡ್ದೆ” ಎಂದ. ನಾನು ನಂಬಲಿಲ್ಲ. ಹೇಗೆ ನಂಬಲಿ? ನಾನು ಅಜ್ಜಂಪುರದ ಮನೆ ಬಿಟ್ಟು ಕಡೂರಿನ ಶಾಲೆಗೆ ವರ್ಗ ಮಾಡಿಸಿಕೊಂಡು ಬಂದದ್ದಕ್ಕೆ ಊರಿನವರು ಏನೇನೋ ಕಾರಣ ಕಟ್ಟಿದರು. ನಿಜವಾದ ಕಾರಣ ನಮ್ಮಿಬ್ಬರಿಗೆ ಗೊತ್ತು. ಬೆಳಿಗ್ಗೆ ನಿಮಗೆ ಹೋಟೆಲಿನ ದೋಸೆ, ಸಂಜೆ ನಿಮ್ಮ ಔಷಧಿ ಅಂಗಡಿಯ ಪಕ್ಕದಲ್ಲೇ ಕರಿಯುತ್ತಿದ್ದ ಜಿಲೇಬಿ, ಮೆಣಸಿನಕಾಯಿ ಬೋಂಡ. ಮನೆಗೆ ಬರುವಷ್ಟರಲ್ಲಿ ಹೊಟ್ಟೆ ತುಂಬಿರುತ್ತಿತ್ತು. ವರ್ಷಗಟ್ಟಲೆ ನಾನು ಮಾಡಿದ ಅಡುಗೆ ಆರಿ ತಣ್ಣಗಾಗಿ ಪಕ್ಕದ ಮನೆಯ ಅಂಬಮ್ಮನ ಪಾಲಾಯಿತು. ಕೊನೆಗೊಂದು ಸಂಜೆ ಹುರುಳಿ ಸಾರಿನ ಬಟ್ಟಲನ್ನು ಬೆರಳ ತುದಿಯಿಂದ ಆಚೆ ತಳ್ಳಿ, “ಇದು ಆಸ್ಪತ್ರೆ ಊಟ ಕಣೇ, ರೋಗಿಗಳಿಗೆ ಕೊಡು” ಎಂದಿರಿ. ಬಟ್ಟಲು ತಳ್ಳಿದ್ದಕ್ಕಿಂತ ಆ ಬೆರಳ ತುದಿಯೇ ನನಗೆ ಹೆಚ್ಚು ನೆನಪಿದೆ.

ಅದಕ್ಕೇ ಭಾರ್ಗವನ ಮಾತು ತಲೆಯಲ್ಲಿ ಹುಳ ಬಿಟ್ಟಿತು. ಯಾರು ಕಲಿಸಿದರು ನಿಮಗೆ? ನಾನು ಅಷ್ಟು ವರ್ಷ ಹೇಳಿ ಸೋತದ್ದನ್ನು ಗೆದ್ದವರು ಯಾರು? ಅವರು ಹೆಂಗಸೇ ಆಗಿದ್ದರೆ ಎಂಬ ಯೋಚನೆಯೂ ಬಂತೆಂದು ಬರೆದುಬಿಡುತ್ತೇನೆ. ಹಾಗಿದ್ದರೂ ನನಗೇನು ಎಂದುಕೊಂಡೆ. ಆದರೂ ನಿನ್ನೆ ಬೆಳಗಿನ ಶಾಲೆ ಮುಗಿದ ಕೂಡಲೇ ಅಜ್ಜಂಪುರದ ಬಸ್ಸು ಹತ್ತಿದೆ. ಅಟ್ಟದಲ್ಲಿರುವ ನನ್ನ ವಿಜ್ಞಾನದ ಹಳೇ ಚಾರ್ಟುಗಳು ಬೇಕು ಎಂಬ ನೆಪವನ್ನೂ ಸಿದ್ಧ ಮಾಡಿಕೊಂಡಿದ್ದೆ.

ಅಂಗಡಿಗೆ ಬೀಗ, ಮನೆಗೂ ಬೀಗ. ಅಂಬಮ್ಮ ಕೀಲಿ ಕೊಟ್ಟಳು. ಒಳಗೆ ಹೋದೆ, ಕ್ಷಮಿಸಿ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಇದ್ದ ಜಾಗದಲ್ಲಿ ಅಗಸೆ ಬೀಜ. ಅಕ್ಕಿಯ ಪಕ್ಕ ಸಾಮೆ, ನವಣೆ. ಒಲೆಯ ಮೇಲೆ ಪಾತ್ರೆಯ ತಳದಲ್ಲಿ ಒಂದಿಷ್ಟು ಹುರುಳಿ ಸಾರು ಉಳಿದಿತ್ತು. ಸೌಟಿನಿಂದ ಅಂಗೈಗೆ ಹಾಕಿಕೊಂಡು ರುಚಿ ನೋಡಿದೆ. ದ್ವಾರಕಾನಾಥರೇ, ಅಷ್ಟು ಕೆಟ್ಟ ಸಾರನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ. ನಗು ಬಂತು. ನೀವು ನಿಜವಾಗಿಯೂ ನಿಮ್ಮ ಕೈಯಾರೆ ಮಾಡುತ್ತಿದ್ದೀರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನಗುತ್ತಲೇ ಹೊರಗೆ ಬಂದಾಗ ಅಂಬಮ್ಮ ಹೇಳಿದಳು. “ದಿನಾ ಮಧ್ಯಾಹ್ನ ಅಂಗಡಿ ಮುಚ್ತಾರೆ, ಇಬ್ಬರ ಊಟ ಕಟ್ಕೋತಾರೆ, ಸ್ಕೂಟರ್ ಹತ್ತಿ ಬುಕ್ಕಾಂಬುಧಿಗೆ ಹೋಯ್ತಾರೆ ಕಣಮ್ಮಾ. ಇವತ್ತು ತಡವಾಗಿ, ನೀವು ಬರೋಕೆ ಸ್ವಲ್ಪ ಮುಂಚೆ ಹೊರಟ್ರು.”

“ಇಬ್ಬರದ್ದಾ? ಇನ್ನೊಂದು ಯಾರಿಗೆ?”

“ಅದ ನಾ ಹೆಂಗೆ ಕೇಳ್ಲಿ? ಕೇಳೋರು ಬಿಟ್ಟು ಹೋದ್ರಲ್ಲ.”

ಅವಳು ಅದನ್ನು ನನ್ನ ಮುಖ ನೋಡಿಯೇ ಹೇಳಿದಳು. ನನ್ನ ನಗು ಅಲ್ಲೇ ನಿಂತಿತು. ಚಾರ್ಟು ಮರೆತೇಹೋಯಿತು. ಬಸ್ ನಿಲ್ದಾಣಕ್ಕೆ ಬಂದು ಬುಕ್ಕಾಂಬುಧಿ ಬಸ್ಸಿನಲ್ಲಿ ಕೂತಾಗ, ಈ ವಯಸ್ಸಿನಲ್ಲಿ ಇದೇನು ಮಾಡುತ್ತಿದ್ದೇನೆ ಎಂದು ನಾಚಿಕೆಯಾಯಿತು. ಇಳಿದುಹೋಗಲಿಲ್ಲ.

ನಿಮ್ಮ ಸ್ಕೂಟರ್ ಕೆರೆ ಏರಿಯ ಕೆಳಗೆ ನಿಂತಿತ್ತು. ಆಲದ ಮರದ ಆಚೆ ಬದಿಗೆ ಹೋಗಿ ನಿಂತುಕೊಂಡೆ. ನೀವು ಕಲ್ಲುಚಪ್ಪಡಿಯ ಮೇಲೆ ಕ್ಯಾರಿಯರ್ ಬಿಚ್ಚುತ್ತಿದ್ದಿರಿ. ಎದುರಿಗೆ ಕೂತಿದ್ದವರು ಒಬ್ಬ ಮುದುಕ. ಪಕ್ಕದಲ್ಲಿ ಊರುಗೋಲು. ಅವರ ಬಲಗಾಲಿಗೆ ಪಾದವಿರಲಿಲ್ಲ.

ಅವರು ಒಂದು ತುತ್ತು ಉಂಡು ಮುಖ ಸಿಂಡರಿಸಿ, “ಏನ್ ಸ್ವಾಮೀ ಇದು, ಕೆರೆ ನೀರು ಕಾಯ್ಸಿ ತಂದಿದೀರಾ?” ಎಂದರು.

“ಉಪ್ಪು ಕಮ್ಮಿ ಹಾಕಿದೀನಿ. ಉಣ್ಣಪ್ಪಾ ಸುಮ್ನೆ.”

“ನಿಮ್ಮನೇಲಿ ಮೇಡಮ್ಮೋರು ಇದನ್ನೇ ಮಾಡ್ತಿದ್ರು ಅಂದ್ರಿ. ಅವರನ್ನೊಂದು ಮಾತು ಕೇಳ್ಬಾರ್ದಾ, ಹೆಂಗೆ ಮಾಡೋದು ಅಂತ?”

“ಕೇಳಿದ್ರೆ ಸಾರು ಹೇಳ್ಕೊಡಲ್ಲ, ಪಾಠ ಮಾಡ್ತಾಳೆ.” ಅವರಿಗೆ ಇನ್ನೊಂದಿಷ್ಟು ಸಾರು ಬಡಿಸುತ್ತಾ, “ಆದ್ರೆ ಚೆನ್ನಾಗಿರ್ತಿತ್ತು ಅನ್ಸುತ್ತೆ. ನಾನು ತಿಂದು ನೋಡ್ಲೇ ಇಲ್ಲ” ಎಂದಿರಿ.

ಮರದ ಹಿಂದೆ ನಿಂತವಳಿಗೆ ಆಗ ಹೇಗಾಗಿರಬೇಡ! ಪಾಠ ಅಂದದ್ದಕ್ಕೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ನೀವು ಅಂಗಡಿ ತೆರೆಯುವ ಹೊತ್ತಾಯಿತೆಂದು ಹೊರಟ ಮೇಲೆ ನಾನು ಅವರ ಮುಂದೆ ಹೋದೆ. ನೋಡಿದವರೇ, “ಸೈನ್ಸ್ ಮೇಡಮ್ಮೋರಲ್ವಾ? ನಮ್ಮ ಹುಡುಗಿಗೆ ನೀವೇ ಪಾಠ ಮಾಡಿದ್ದು. ಕೂತ್ಕಳಿ” ಎಂದರು. ಅವರ ಹೆಸರು ಕರಿಸಿದ್ದಪ್ಪ, ಮೊದಲು ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವರು ಎಂದು ಆಗ ಗೊತ್ತಾಯಿತು. ನಾನು ಕೇಳಿದೆ, ಅವರು ಎಲ್ಲವನ್ನೂ ಹೇಳಿದರು. ಅವರನ್ನು ಬಯ್ಯಬೇಡಿ.

“ನಾನು ಸಕ್ಕರೆ ಕಾಯಿಲೆ ಮಾತ್ರೆ ತಗಳಾಕೆ ಅವರ ಅಂಗಡೀಗೇ ಹೋಗ್ತಿದ್ದೆ. ಮಾತ್ರೆ ಕಟ್ಟುಸ್ಕಂಡು ಅಲ್ಲೇ ಇಬ್ರೂ ನಿಂತು ಜಿಲೇಬಿ ತಿಂತಿದ್ವಿ. ಮಾತ್ರೆ ನುಂಗಿದ್ರೆ ಆಯ್ತಲ್ಲ ಅನ್ನೋ ಧೈರ್ಯ. ಗಾಯ ಆಯ್ತು, ವಾಸಿ ಆಗ್ಲಿಲ್ಲ, ಪಾದ ತೆಗೆದ್ರು. ಆಸ್ಪತ್ರೆಯಿಂದ ಬಂದೋನು ಊರುಗೋಲು ಊರ್ಕಂಡು ನೆಟ್ಟಗೆ ಅಂಗಡೀಗೆ ಹೋದೆ. ಸ್ವಾಮೀ, ಇಷ್ಟು ವರ್ಷ ಮಾತ್ರೆ ಕೊಟ್ರಿ, ಒಂದಿನಾನಾದ್ರೂ ಊಟಕ್ಕೆ ಏನು ಮಾಡ್ತೀಯಪ್ಪಾ ಅಂತ ಕೇಳಿದ್ರಾ ಅಂದೆ. ಸಿಟ್ಟಲ್ಲಿ ಅಂದಿದ್ದು, ಅವರದೇನು ತಪ್ಪು? ನನ್ನ ಬಾಯಿ, ನನ್ನ ನಾಲಿಗೆ. ಅವರು ಮಾರನೇ ದಿನ ಮಧ್ಯಾಹ್ನ ಕ್ಯಾರಿಯರ್ ಹಿಡ್ಕಂಡು ಬಂದ್ಬಿಟ್ರು. ಇವತ್ತಿಂದ ಇಬ್ಬರಿಗೂ ಒಂದೇ ಊಟ ಅಂದ್ರು.”

“ಅವರಿಗೂ ಸಕ್ಕರೆ ಇದೆಯಾ?” ಎಂದೆ.

“ಗಡೀಲಿ ನಿಂತೈತೆ ಅಂದಿದ್ರಂತೆ. ಈಗ ಹಿಂದಕ್ಕೆ ಹೋಗೈತಂತೆ. ನನ್ನ ಇನ್ನೊಂದು ಕಾಲು ಉಳಿಯೋ ಹಂಗೈತೆ ಅಂತ ಡಾಕ್ಟ್ರು ಅಂದ್ರು. ಸಾರು ಮಾತ್ರ ಸುಧಾರಿಸ್ಲಿಲ್ಲ ಮೇಡಮ್ಮೋರೇ.”

ಕೊನೆಯ ಬಸ್ಸು ಹಿಡಿದು ಕಡೂರಿಗೆ ವಾಪಸು ಬಂದೆ. ಈಗ ಸಾರಿನ ವಿಷಯ. ಪಾಠವಲ್ಲ, ಕೇಳಿಸಿಕೊಳ್ಳಿ. ಹುರುಳಿಯನ್ನು ನೆನೆಹಾಕುವ ಮೊದಲು ಬರೀ ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿಯಬೇಕು. ನೀವು ಹುರಿದಿಲ್ಲ, ಹಸಿ ವಾಸನೆ ಹಾಗೇ ಇತ್ತು. ಕಟ್ಟು ಬಸಿದ ಮೇಲೆ ಒಂದು ಹಿಡಿ ಬೆಂದ ಕಾಳನ್ನು ಜೀರಿಗೆ, ಮೆಣಸು, ಬೆಳ್ಳುಳ್ಳಿ ಜೊತೆ ರುಬ್ಬಿ ಅದಕ್ಕೇ ಸೇರಿಸಿ. ಉಪ್ಪು ಕಡಿಮೆಯಾದದ್ದು ನಾಲಿಗೆಗೆ ತಿಳಿಯಬಾರದೆಂದರೆ ಹುಳಿ ಬೇಕು. ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಕುದಿಯುವಾಗ ಹಿಂಡಿದರೆ ಕಹಿಯಾಗುತ್ತದೆ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಸಾಕು, ಆದರೆ ಇಂಗು ಮರೆಯಬೇಡಿ. ಕರಿಸಿದ್ದಪ್ಪನವರು ಏನಂದರೆಂದು ನನಗೆ ತಿಳಿಸಿ. ನೀವೇನಂದಿರಿ ಎಂಬುದನ್ನೂ.

ಶ್ರೀಜಾಗೆ ನಾನು ಬರೆದದ್ದು ಗೊತ್ತಿಲ್ಲ. ಹೇಳಬೇಕೆನಿಸಿದರೆ ಹೇಳಿ.

ಇತಿ,
ಶಾರದಾಂಬಾ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ದಸರಾ ರಜೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ನನ್ನದು ಗಡಿಯಲ್ಲಿ ನಿಂತಿಲ್ಲ, ಯಾವಾಗಲೋ ದಾಟಿ ಮುಂದೆ ಹೋಗಿದೆ. ಸಮತೋಲಿತ ಆಹಾರದ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ಬಂದು, ಒಬ್ಬಳಿಗೆ ಯಾಕೆ ಅಡುಗೆ ಎಂದು ರಸ್ಕು, ಬಿಸ್ಕತ್ತಿನಲ್ಲಿ ರಾತ್ರಿಯೂಟ ಮುಗಿಸುತ್ತಾ ಬಂದವಳು ನಾನು. ಯಾರಿಗೂ ಹೇಳಿಲ್ಲ. ಎಲ್ಲವನ್ನೂ ಬಿಡಬಲ್ಲೆ ಅನಿಸುತ್ತದೆ, ಬೆಳಗಿನ ಕಾಫಿಯ ಸಕ್ಕರೆ ಮಾತ್ರ ಬಿಡಲಾಗುತ್ತಿಲ್ಲ. ಪ್ರತಿದಿನ ಬಿಟ್ಟು, ಪ್ರತಿದಿನ ಸೋಲುತ್ತಿದ್ದೇನೆ. ನೀವು ಮೊದಲ ವಾರ ಹೇಗೆ ಕಳೆದಿರಿ? ನನಗೆ ನಿಜವಾಗಿಯೂ ತಿಳಿಯಬೇಕಾಗಿದೆ.