ಮೊಲ ಮಾತಾಡಿದ್ದನ್ನು ನಾನು ಕೇಳಿಸಿಕೊಂಡೆ

ಸಿಡುಕಿನ ನನ್ನ ಅಕ್ಕನಿಗೆ,

ನೀನು ತಿದ್ದಿ ಕೊಟ್ಟ ಹೊಸ ಮಕ್ಕಳ ಕತೆ ನನ್ನ ಮೇಜಿನ ಮೇಲಿದೆ. ಮೊಲ ಬಾಯಿ ತೆರೆದಲ್ಲೆಲ್ಲ ನಿನ್ನ ಪೆನ್ಸಿಲ್ ಗೀಟು ಎಳೆದಿದೆ. ಕೊನೆಯ ಪುಟದ ಕೆಳಗೆ ಬರೆದಿದ್ದೀಯ: "ಪ್ರಾಣಿಗಳು ಮಾತಾಡೋದೇ ಆದ್ರೆ ಇನ್ಮೇಲೆ ನಂಗೆ ಕಳಿಸ್ಬೇಡ." ಓದಿ ಮೊದಲು ನಕ್ಕೆ, ಆಮೇಲೆ ಹೆದರಿಕೆಯಾಯಿತು. ನೀನು ಓದದ ಕತೆಯನ್ನು ನಾನು ಇದುವರೆಗೆ ಅಚ್ಚಿಗೆ ಕೊಟ್ಟವಳೇ ಅಲ್ಲ. ಈ ಲೇಖಕಿಯ ಪುಸ್ತಕ ಮಕ್ಕಳ ಕೈ ಸೇರುವ ಮೊದಲು ದನದ ಡಾಕ್ಟರಾದ ಅವಳ ಅಕ್ಕನ ಕೈ ಸೇರಬೇಕು ಎನ್ನುವುದು ಪ್ರಕಾಶಕರಿಗೂ ಅಭ್ಯಾಸವಾಗಿದೆ.

ನಿನ್ನ ಉಪಕಾರ ಮರೆತಿಲ್ಲ ಮಾರಾಯ್ತಿ. ನನ್ನ ಕುದುರೆ ಸಿಕ್ಕಾಪಟ್ಟೆ ಸಿಹಿ ತಿಂದು ವಾಂತಿ ಮಾಡಿಕೊಂಡಾಗ, "ಕುದುರೆಗೆ ವಾಂತಿ ಮಾಡೋಕೇ ಬರಲ್ಲ ಕಣೇ" ಎಂದು ಇಡೀ ಅಧ್ಯಾಯವನ್ನೇ ತೆಗೆಸಿದೆ. ಹಲ್ಲು ಕಿರಿದು ನಕ್ಕ ಆಮೆಯ ಹಲ್ಲನ್ನೆಲ್ಲ ಒಂದೇ ಏಟಿಗೆ ಕಿತ್ತೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ನಾನು ಬರೆದರೆ, ಕತ್ತೆಯ ಮೂಗು ನಿನ್ನ ಮೂಗಿಗಿಂತ ಚುರುಕು ಎಂದು ಅಂಚಿನಲ್ಲಿ ಗೀಚಿದೆ. ನನ್ನ ಮೋಸಗಾರ ನರಿ ನಿನ್ನಿಂದಾಗಿ ಬರೀ ಹಸಿದ ನರಿಯಾಯಿತು, ಮಕ್ಕಳಿಗೆ ಅದೇ ಹೆಚ್ಚು ಇಷ್ಟವಾಯಿತು. ಇದೆಲ್ಲ ಒಪ್ಪಿದೆ.

ಮಾತಿನ ವಿಷಯಕ್ಕೆ ಬಂದರೆ ಮಾತ್ರ ನೀನು ಹಿಡಿದ ಮೊಲಕ್ಕೆ ಮೂರೇ ಕಾಲು. ಬುದ್ಧಿ ಬಂದಾಗಿನಿಂದ ನನ್ನನ್ನು ಕೋತಿ ಎಂದು ಕರೆಯುತ್ತಿರುವವಳು ನೀನು. ಕೋತಿ ಪುಸ್ತಕ ಬರೆಯಬಹುದಂತೆ, ಮೊಲ ಬಾಯಿ ಬಿಡಬಾರದಂತೆ. ಇದು ಯಾವ ಸೀಮೆಯ ನ್ಯಾಯ ಹೇಳು.

ನಿನ್ನ ವಾದವೂ ಗಟ್ಟಿಯಾಗಿಯೇ ಇತ್ತು. "ಅವಕ್ಕೆ ಮಾತು ಬರಲ್ಲ ಅಂತಾನೇ ನಾವು ಕಿವಿ ನೋಡ್ತೀವಿ, ಬಾಲ ನೋಡ್ತೀವಿ, ಉಸಿರು ನೋಡ್ತೀವಿ. ನೀನು ಮಾತು ಕೊಟ್ಬಿಟ್ರೆ ಮಕ್ಕಳು ನೋಡೋದನ್ನೇ ಬಿಟ್ಬಿಡ್ತಾರೆ" ಎಂದಿದ್ದೆ. ಅದಕ್ಕೆ ಉತ್ತರ ಸಿಕ್ಕಿದ್ದು ನಿನ್ನ ಆಸ್ಪತ್ರೆಯಲ್ಲೇ, ಈ ಕತೆಯನ್ನು ವಾಪಸು ಒಯ್ಯಲು ಬಂದ ಮಧ್ಯಾಹ್ನ.

ಅವತ್ತು ನೀನು ಅಂದುಕೊಂಡದ್ದಕ್ಕಿಂತ ನಾನು ಬೇಗ ಬಂದಿದ್ದೆ. ಹೊರಗಿನ ಬೆಂಚಿನ ಮೇಲೆ, ಬುಟ್ಟಿಯಲ್ಲಿ ಗುರುಗುಟ್ಟುತ್ತಿದ್ದ ಒಂದು ಬೆಕ್ಕಿನ ಪಕ್ಕ ಕೂತೆ. ನಿನ್ನ ಒಳಬಾಗಿಲ ಚಿಲಕ ಕೆಟ್ಟು ಯಾವ ಕಾಲವಾಯಿತೋ, ಬಾಗಿಲು ಎಂದಿನಂತೆ ಅರ್ಧ ತೆರೆದಿತ್ತು. ಸ್ಟೀಲ್ ಮೇಜಿನ ಮೇಲೆ ಒಂದು ಬಿಳಿ ಮೊಲ, ಅದರ ಹಿಂಗಾಲಿಗೆ ಹೊಸ ಬ್ಯಾಂಡೇಜು. ಗೋಡೆಗೆ ಅಂಟಿಕೊಂಡು ಒಬ್ಬಳು ಪುಟ್ಟ ಹುಡುಗಿ, ಕೈಯಲ್ಲಿ ಹಿಡಿ ಹುಲ್ಲು. ಅವಳಪ್ಪ ಆರಡಿ ಎತ್ತರದ ಮನುಷ್ಯ, ಸೂಜಿ ಕಂಡದ್ದೇ ಹೊರಗೋಡಿ ಬಂದು ನನ್ನ ಪಕ್ಕ ಬೆವರು ಒರೆಸಿಕೊಳ್ಳುತ್ತಿದ್ದ.

ಮೊಲ ನಿನ್ನ ಕೈಯಿಂದ ಹುಲ್ಲಿನ ಒಂದು ಎಸಳೂ ಮುಟ್ಟುತ್ತಿರಲಿಲ್ಲ. ಕಾಲು ಮುರಿದ ಮೊಲವನ್ನು ಉಳಿಸಬಹುದು, ತಿನ್ನುವುದನ್ನು ನಿಲ್ಲಿಸಿದ ಮೊಲವನ್ನು ಉಳಿಸುವುದು ಕಷ್ಟ ಎಂದು ನೀನೇ ನನಗೆ ಹೇಳಿಕೊಟ್ಟಿದ್ದೆ. "ನೀನೇ ಕೊಡಮ್ಮ, ನಿನ್ನ ಕೈ ವಾಸನೆ ಅದಕ್ಕೆ ಗೊತ್ತು" ಎಂದು ಎಷ್ಟು ಕರೆದರೂ ಹುಡುಗಿ ಹತ್ತಿರ ಬರಲಿಲ್ಲ. "ಅದು ನನ್ ಕೈಯಿಂದಾನೇ ಬಿದ್ದಿದ್ದು. ಅದಕ್ಕೆ ನನ್ ಮೇಲೆ ಕೋಪ" ಎಂದಳು. ನೀನು ಬಾಗಿಲಿಗೆ ಬೆನ್ನು ಮಾಡಿ ಮೊಲದ ಮೇಲೆ ಬಗ್ಗಿದೆ. ಆಮೇಲೆ ಆ ಕೋಣೆಯಿಂದ ತೆಳ್ಳಗಿನ, ಮೂಗಿನಲ್ಲಿ ಎಳೆಯುವ ಒಂದು ದನಿ ಬಂತು: "ಕೋಪ ಇಲ್ಲ. ಕಾಲು ನೋಯ್ತಿದೆ ಅಷ್ಟೇ. ನೀನು ಹತ್ರ ಇದ್ರೆ ಸ್ವಲ್ಪ ಕಮ್ಮಿ ನೋಯತ್ತೆ."

ಅವಳಪ್ಪ ನನ್ನ ಕಡೆ ತಿರುಗಿ, "ಒಳಗೆ ಇನ್ನೊಬ್ರು ಡಾಕ್ಟರ್ ಇದ್ದಾರಾ?" ಎಂದು ಕೇಳಿದ. ಇಲ್ಲ, ಮೊಲ ಇದೆ ಎಂದೆ.

ಹುಡುಗಿ ಬಂದಳು ಅಕ್ಕಾ. ಬಂದು ಏನು ಮಾಡಿದಳು ಎನ್ನುವುದನ್ನು ನೀನು ಗಮನಿಸಿದೆಯೋ ಇಲ್ಲವೋ, ನಾನಂತೂ ಗಮನಿಸಿದೆ. ಬಗ್ಗಿ ಅದರ ಮುಖ ನೋಡಿದಳು. "ಕಿವಿ ಬೆನ್ನಿಗೆ ಅಂಟಿಸ್ಕೊಂಡಿದ್ಯಲ್ಲ, ಹೆದರಿಕೆ ಆಯ್ತಾ?" ಎಂದು ಅದನ್ನೇ ಕೇಳಿದಳು. ಗೋಡೆಗೆ ಅಂಟಿಕೊಂಡಿದ್ದಾಗ ಅವಳಿಗೆ ಆ ಕಿವಿ ಕಂಡಿರಲಿಲ್ಲ. ಮಾತು ಕೇಳಿದ ಮೇಲೆ ಕಂಡಿತು. ಮೊಲ ಮೂಗು ಅಲ್ಲಾಡಿಸಿ ಒಂದು ಎಸಳು ಎಳೆದುಕೊಂಡಿತು, ಆಮೇಲೆ ಇನ್ನೊಂದು.

ನಾನು ಮಾತ್ರ ಹೊರಗೆ ಬೆಕ್ಕಿನ ಬುಟ್ಟಿಯ ಮೇಲೆ ಬಗ್ಗಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಆ ದನಿ ನನಗೆ ಗೊತ್ತಿತ್ತು. ನಾವಿಬ್ಬರೂ ಒಂದೇ ಮಂಚದಲ್ಲಿ ಮಲಗುತ್ತಿದ್ದ ಕಾಲದಲ್ಲಿ, ಅಜ್ಜಿ ಹೊಲಿದು ಕೊಟ್ಟ ಬಟ್ಟೆಯ ಆನೆ ಅದೇ ದನಿಯಲ್ಲಿ ಮಾತಾಡುತ್ತಿತ್ತು. ಶಾಲೆಗೆ ಹೋಗಲಾರೆ ಎಂದು ನಾನು ರಚ್ಚೆ ಹಿಡಿದಾಗ ಅದು ಹೊದಿಕೆಯೊಳಗಿಂದ, "ಕೋತಿ, ನಂಗೂ ಸ್ಕೂಲಂದ್ರೆ ಭಯ. ನೀನು ಹೋಗಿ ನೋಡ್ಕೊಂಡ್ ಬಂದು ನಂಗೆ ಹೇಳು" ಎಂದಿತ್ತು. ಆನೆಗೆ ಹೇಳಬೇಕಲ್ಲ ಎಂದು ನಾನು ಶಾಲೆಗೆ ಹೋದೆ. ದಿನಾ ಸಂಜೆ ಬಂದು ಅದರ ಒಂಟಿ ಕಿವಿಗೆ ಎಲ್ಲ ಹೇಳಿದೆ. ನಡೆದದ್ದು ಸಾಲದೇ ಹೋದಾಗ ನಡೆಯದ್ದನ್ನೂ ಸೇರಿಸಿದೆ. ಅದೇ ನಾನು ಕಲಿತ ಕಸುಬು.

ಆಮೇಲೆ ನೀನು ಪಶುವೈದ್ಯಕೀಯ ಓದಲು ಹೋದೆ, ರಜೆಗೆ ಬಂದಾಗ ಆನೆಯ ಗಂಟಲಿನಿಂದ ಮಾತು ಹೊರಡದು ಎಂದು ಪಾಠ ಮಾಡಿದೆ, ನಮ್ಮ ಆನೆ ಮೂಕವಾಯಿತು. ನನ್ನನ್ನು ಬರಹಗಾರ್ತಿ ಮಾಡಿದ್ದು ಆನೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ ನೋಡು, ಎಂಥ ಪೆದ್ದಿ ನಾನು. ನೀನು ನನಗೆ ಎಷ್ಟು ಬೇಕು ಎಂದು ಎದುರು ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಈಗ ಕೆಲಸದ ಮಾತು. ನೀನು ಹೊಡೆದು ಹಾಕಿದ್ದನ್ನೆಲ್ಲ ನಾನು ನಿಜಕ್ಕೂ ತೆಗೆದಿದ್ದೇನೆ. ಕತೆಯುದ್ದಕ್ಕೂ ಮೊಲ ತೆಪ್ಪಗಿದೆ. ಕೊನೆಯಲ್ಲಿ ಕತೆಯ ಹುಡುಗಿ ಮೊಲವನ್ನು, ನನ್ನ ಮೇಲೆ ಕೋಪಾನಾ ಎಂದು ಕೇಳುತ್ತಾಳೆ, ಅದರ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದೇನೆ. ಅಲ್ಲಿ ಬರಬೇಕಾದ ಮಾತು ನಿನ್ನದು, ಕೇಳದೆ ಎತ್ತಿಕೊಳ್ಳಲಾರೆ. ಬರೆದರೆ ಮೊಲ ಮಾತಾಡುತ್ತದೆ. ಬೇಡವೆಂದರೆ ಹಾಗೇ ಅಚ್ಚಾಗಲಿ. ಆದರೆ ಇನ್ನು ಕಳಿಸಬೇಡ ಎಂದು ಮಾತ್ರ ಹೇಳಬೇಡ.

ಪೊಟ್ಟಣದಲ್ಲಿ ಆ ಪುಟದ ಜೊತೆ ಒಬ್ಬ ರೋಗಿಯನ್ನೂ ಕಳಿಸಿದ್ದೇನೆ. ಹೊಟ್ಟೆಯ ಹೊಲಿಗೆ ಬಿಚ್ಚಿ ಹತ್ತಿ ಹೊರಗೆ ಬಂದಿದೆ, ಒಂದು ಕಿವಿ ಮೊದಲೇ ಇಲ್ಲ. ಬಾಗಿಲು ಹಾಕಿಕೊಂಡು, ಎಲ್ಲಿ ನೋವು ಎಂದು ಒಂದು ಸಲ ಕೇಳಿ ನೋಡು. ಅದು ಉತ್ತರ ಕೊಡದಿದ್ದರೆ ಗೆದ್ದವಳು ನೀನೇ.

ನಿನ್ನ ಮೇಜಿಗೆ ಬಂದ ಜೀವಗಳೆಲ್ಲ ತಿಂದುಂಡು ಮನೆಗೆ ಮರಳಲಿ, ನಿನ್ನ ಪೆನ್ಸಿಲ್ ಮೊಂಡಾಗದಿರಲಿ.

ಇಂತಿ,
ನಿನ್ನ ಕೋತಿ