ಗೀಸರಿನ ಜೊತೆ ಬಂದ ಪುಸ್ತಕ

ಅಪ್ಪಾ,

ಕೋರ್ಟಿನಲ್ಲಿ ಸಾಕ್ಷಿ ಹೇಳಿ ಈಗಷ್ಟೇ ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಮುಚ್ಚಿದ ಬಚ್ಚಲಲ್ಲಿ ನಿನ್ನ ಉಸಿರು ಕಟ್ಟಿಸಿದ ಗ್ಯಾಸ್ ಗೀಸರಿನ ಮೇಲೆ, ಕಿಟಕಿ ತೆರೆದಿಡಿ ಎಂಬ ಎಚ್ಚರಿಕೆಯೇ ಇರಲಿಲ್ಲ. ಅದು ಕಂಪನಿಯ ನಿರ್ಲಕ್ಷ್ಯ ಎಂದು ನಮ್ಮ ವಕೀಲರು ವಾದಿಸಿದರು.

“ಗೀಸರಿನ ಜೊತೆ ಕೊಟ್ಟ ಪುಸ್ತಕದಲ್ಲಿತ್ತಲ್ಲ, ನಿಮ್ಮಪ್ಪ ಓದ್ಲಿಲ್ವಾ?” ಎಂದು ಕಂಪನಿಯ ವಕೀಲರು ನನ್ನನ್ನು ಕೇಳಿದರು.

“ಅಪ್ಪನಿಗೆ ಓದೋಕೆ ಬರ್ತಿರ್ಲಿಲ್ಲ.”

“ಓದಿ ಹೇಳು ಅಂತ ಯಾರನ್ನಾದ್ರೂ ಕೇಳಿದ್ರಾ?”

“ಇಲ್ಲ” ಎಂದೆ.

ಹೊರಗೆ ಬಂದ ಮೇಲೆ ನಮ್ಮ ವಕೀಲರು, “ಚೆನ್ನಾಗಿ ಹೇಳಿದ್ರಿ, ಕೇಸು ನಮ್ದೇ” ಎಂದರು. ಅಮ್ಮ ಮಾತ್ರ ದಾರಿಯುದ್ದಕ್ಕೂ ನನ್ನಿಂದ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ನೀನು ಎರಡು ಸಲ ಆ ಪುಸ್ತಕ ಹಿಡಿದು ನನ್ನ ಕೋಣೆಯ ಬಾಗಿಲಿಗೆ ಬಂದದ್ದನ್ನೂ, ನಾನು ಫೋನಿನಿಂದ ತಲೆಯೆತ್ತದೆ “ಆಮೇಲಪ್ಪಾ” ಎಂದದ್ದನ್ನೂ ಅವಳು ನೋಡಿದ್ದಳು.