ದೇವರಿಂದ ಒಂದು ಮೊಳ ದೂರ

ಡೊಂಬಿವಲಿ ಪೂರ್ವ,
ಭಾನುವಾರ, ೨೫ ಆಗಸ್ಟ್ ೧೯೯೬

ಪ್ರೀತಿಯ ಮಗ ಸಂದೇಶಾ,

ಹೇಗಿದ್ದೀ? ಕೆಮ್ಮು ಹೋಯಿತೇ? ವಿಶಾಖಪಟ್ಟಣದ ಮೆಸ್ಸಿನ ಖಾರ ನಿನ್ನ ಹೊಟ್ಟೆಗೆ ಆಗುವುದಿಲ್ಲ, ಮೊಸರು ಕೊಳ್ಳಲು ಜಿಪುಣತನ ಮಾಡಬೇಡ. ಇಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ಮೊನ್ನೆ ಠಾಕುರ್ಲಿ ಹತ್ತಿರ ಲೋಕಲ್ ನಿಂತಾಗ ನಿನ್ನ ಅಪ್ಪಯ್ಯ ಹಳಿಯ ಮೇಲೆಯೇ ನಡೆದು ಮನೆಗೆ ಬಂದರು. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡು ಹೀಗೆಲ್ಲ ಮಾಡಬಹುದೇ ಎಂದು ಕೇಳಿದರೆ, "ನಡೆದದ್ದು ಕಾಲು ಮಾರಾಯ್ತಿ, ಎದೆ ಅಲ್ಲ" ಎಂದರು. ನಾನು ನಗಲಿಲ್ಲ. ಈಚೆಗೆ ನನಗೆ ಯಾವುದಕ್ಕೂ ನಗು ಬರುತ್ತಿಲ್ಲ.

ಕಾರಣ ನೀನು ಕಳಿಸಿದ ನಕ್ಷೆ. ಕೋಪಿಸಿಕೊಳ್ಳಬೇಡ, ಪೂರ್ತಿ ಓದು. ನಮ್ಮ ಸೊಸೈಟಿಯ ಗಣಪತಿಯ ಮುಂದೆ ಮೋದಕದ ತಟ್ಟೆ ಗಾಳಿಯಲ್ಲಿ ತೇಲುವ ದೇಖಾವೆ, ಅಂಥ ಅಲಂಕಾರದ ದೃಶ್ಯ ಎಂದರೆ ಯಾರಿಗೆ ಬೇಡ? ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದ ಡಬ್ಬಿಗಳಿಗೆ ಮ್ಯಾಗ್ನೆಟ್ ಅಂಟಿಸಿ ಲೋಕಲ್ ಓಡಿಸುತ್ತಿದ್ದವನು ನೀನು, ನನಗೂ ಹೆಮ್ಮೆಯೇ. ನಿನ್ನ ಗೆಳೆಯ ಅನಿಲಕುಮಾರ ತನ್ನ ಟೀವಿ ರಿಪೇರಿ ಅಂಗಡಿಯಲ್ಲಿ ಹಳೆಯ ಲೌಡ್‌ಸ್ಪೀಕರುಗಳನ್ನು ಬಿಚ್ಚಿ, ಬಳೆಯಂಥ ದಪ್ಪ ಮ್ಯಾಗ್ನೆಟ್‌ಗಳನ್ನು ಗುಡ್ಡೆ ಹಾಕಿದ್ದಾನೆ. ಒಂದನ್ನೊಂದು ತಳ್ಳುವಂತೆ ಗಾಜಿನ ಕೊಳವೆಗೆ ಪೋಣಿಸುವಾಗ ಎರಡು ಫಟ್ಟನೆ ಕೂಡಿ ಅವನ ಬೆರಳು ನಡುವೆ ಸಿಕ್ಕಿತು. ಉಗುರು ಕಪ್ಪಾಗಿದೆ, ಒಂದು ಮ್ಯಾಗ್ನೆಟ್ಟಿನ ಚೂರು ಸಿಡಿದು ಕನ್ನಡಕಕ್ಕೆ ಬಡಿದಿದೆ. ಕೈಗವಸು ಹಾಕಿಕೋ, ಎರಡರ ನಡುವೆ ಮರದ ತುಂಡು ಇಡು ಎಂದರೆ, "ಏನೂ ಆಗೂದಿಲ್ರಿ ಆಂಟಿ, ಗಣಪ್ಪನ ಕೆಲಸ ಐತಿ" ಎನ್ನುತ್ತಾನೆ. ಆ ಹುಡುಗನ ಕಣ್ಣು ಉಳಿದದ್ದು ಗಣಪ್ಪನಿಂದಲ್ಲ, ಕನ್ನಡಕದಿಂದ.

ಆದರೆ ನಾನು ನಿದ್ದೆಗೆಟ್ಟಿರುವುದು ಅದಕ್ಕಲ್ಲ. ಹೋದ ವಾರ ತಪಾಸಣೆಗೆ ಹೋದಾಗ ಡಾಕ್ಟರು ಅಂಥದ್ದೇ ಒಂದು ಬಳೆ ಮ್ಯಾಗ್ನೆಟ್ಟನ್ನು ಅಪ್ಪಯ್ಯನ ಎಡ ಹೆಗಲ ಕೆಳಗೆ, ಯಂತ್ರ ಇರುವಲ್ಲಿ ಇಟ್ಟರು. ಇಸಿಜಿ ಕಾಗದದ ಗೆರೆ ನನ್ನ ಕಣ್ಣೆದುರೇ ಬದಲಾಯಿತು. ಮ್ಯಾಗ್ನೆಟ್ ಹತ್ತಿರ ಬಂದರೆ ಯಂತ್ರ ಹೃದಯದ ಮಾತು ಕೇಳುವುದನ್ನು ಬಿಟ್ಟು ತನ್ನಷ್ಟಕ್ಕೆ ಬಡಿಯುತ್ತದಂತೆ, ದೂರ ಸರಿಸಿದರೆ ಮತ್ತೆ ಸರಿಹೋಗುತ್ತದಂತೆ. ಪರೀಕ್ಷೆಗೆ ಹಾಗೆ ಮಾಡುತ್ತೇವೆ, ಉಳಿದಂತೆ ಇಂಥ ವಸ್ತುವನ್ನು ಎದೆಯಿಂದ ಒಂದು ಮೊಳ ದೂರ ಇಡಿ ಎಂದರು. ನಿನ್ನ ನಕ್ಷೆಯಲ್ಲಿ ಕೊಳವೆ ನಿಲ್ಲುವುದು ಪೀಠದ ಮುಂಭಾಗದಲ್ಲಿ, ಸರಿಯಾಗಿ ಎದೆಯ ಎತ್ತರಕ್ಕೆ. ಹತ್ತು ದಿನವೂ ಎರಡು ಹೊತ್ತು ಅದರ ಮೇಲೆ ಬಾಗಿ ಹೂ ಏರಿಸಿ ಆರತಿ ಎತ್ತುವವರು ಅಪ್ಪಯ್ಯ. ಇದನ್ನು ಹೇಳಿದರೆ ಅವರ ವಾದ ಕೇಳು: "ಡಾಕ್ಟರೇ ಎದೆ ಮೇಲೆ ಇಟ್ರಲ್ಲ, ನನಗೆ ಎಂಥ ಆಯ್ತು?" ಅಲ್ಲಿ ಅವರು ಮಂಚದ ಮೇಲೆ ಮಲಗಿದ್ದರು, ಪಕ್ಕದಲ್ಲಿ ಡಾಕ್ಟರಿದ್ದರು. ಇಲ್ಲಿ ಕೈಯಲ್ಲಿ ಉರಿಯುವ ಆರತಿ ತಟ್ಟೆ, ಸುತ್ತ ಥರ್ಮೊಕೋಲು, ಜರಿ ಪರದೆ. ತಲೆ ಸುತ್ತಿದರೆ? ಸ್ವಲ್ಪ ಹಿಂದೆ ಸರಿದು ನಿಂತು ಆರತಿ ಎತ್ತಿ ಎಂದದ್ದಕ್ಕೆ, "ದೇವರ ಎದುರು ಬಹಿಷ್ಕಾರ ಹಾಕಿಸಿಕೊಂಡವನ ಹಾಗೆ ನಿಲ್ಲಲೇ?" ಎಂದು ಮುಖ ತಿರುಗಿಸಿದರು.

ಕಮಿಟಿ ಸಭೆಯಲ್ಲಿ ಯಾರ ಹೆಸರೂ ಹೇಳದೆ, ಎದೆಯಲ್ಲಿ ಯಂತ್ರ ಇರುವವರು ಹತ್ತಿರ ಬರಬಾರದೆಂದು ಬೋರ್ಡು ಹಾಕಿ, ಕೊಳವೆಯನ್ನು ಮೂರ್ತಿಯ ಹಿಂದಕ್ಕೆ ಸರಿಸಿ ಎಂದೆ. ಹೋಟೆಲಿನ ಸಂಕರ್ಷಣ ರಾಯರು ಅಧ್ಯಕ್ಷರಲ್ಲವೇ, "ದೇವರ ಮುಂದೆ ಕಾಯಿಲೆಯ ಬೋರ್ಡಾ ಅಕ್ಕ? ಅಪಶಕುನ. ನೀವು ಪೇಪರ್ ಓದುವುದು ಸ್ವಲ್ಪ ಕಡಿಮೆ ಮಾಡಿ" ಎಂದರು. ಎಲ್ಲರೂ ನಕ್ಕರು. ಎಪ್ಪತ್ತೊಂಬತ್ತರಲ್ಲೂ ಹೀಗೆಯೇ ನಕ್ಕಿದ್ದರು, ಗಣಪತಿಯ ಹಿಂದೆ ಕಟ್ಟಿದ್ದ ಬಟ್ಟೆಯ ಹಿಮಾಲಯದ ಒಳಗೆ ಅಷ್ಟು ದೊಡ್ಡ ಬಲ್ಬು ಬೇಡ ಎಂದಾಗ. ಹಿಮಾಲಯ ಹೊತ್ತಿ ಉರಿದ ಮೇಲೆ ನೀರಿನ ಬಕೆಟ್ಟು ಹಿಡಿದು ಓಡಿದವರಲ್ಲಿ ಇದೇ ರಾಯರೂ ಇದ್ದರು. ಈ ಊರಿನಲ್ಲಿ ಯಾರಿಗೂ ಏನೂ ನೆನಪಿರುವುದಿಲ್ಲ, ನೆನಪಿರುವವಳು ಮಾತ್ರ ಹುಚ್ಚಿ.

ಅಪ್ಪಯ್ಯನ ಹೆಸರು ಯಾಕೆ ಹೇಳಲಿಲ್ಲ ಎಂದು ನಿನಗೆ ಗೊತ್ತು. ಆಪರೇಷನ್ ಆದಾಗ ಊರಿಗೆ ಹೋಗಿದ್ದೆವೆಂದು ಇಡೀ ಬಿಲ್ಡಿಂಗಿಗೆ ಹೇಳಿದ್ದೇವೆ. ಈಗ ನಿನ್ನ ತಂಗಿ ಶ್ರೀಪ್ರಿಯಾಗೆ ಠಾಣೆ ಊರಿನ ಆ ಬ್ಯಾಂಕಿನ ಹುಡುಗನ ಸಂಬಂಧದ ಮಾತು ನಡೆಸುತ್ತಿರುವವರು ರಾಯರ ಹೆಂಡತಿ ಉಮಾವತಿ. ಹುಡುಗನ ತಾಯಿ ಮೊದಲ ದಿನವೇ, "ನಿಮ್ಮಲ್ಲಿ ಶುಗರ್, ಹಾರ್ಟು ಅಂತ ಯಾರಿಗೂ ಇಲ್ಲವಲ್ಲ?" ಎಂದು ಕೇಳಿದ್ದರು. ಇಲ್ಲ ಎಂದವರು ಅಪ್ಪಯ್ಯ, ಸುಮ್ಮನಿದ್ದವಳು ನಾನು. ಹೆಣ್ಣಿನ ಅಪ್ಪನ ಎದೆಯನ್ನೂ ಪರೀಕ್ಷೆ ಮಾಡಿ ಮದುವೆ ನಿಶ್ಚಯಿಸುವ ಕಾಲ ಇದು, ನೋಡು.

ಅದಕ್ಕೇ ಒಂದು ಕೆಲಸ ಮಾಡು. ಅನಿಲನ ಅಂಗಡಿಗೆ ಎಸ್‌ಟಿಡಿ ಫೋನ್ ಮಾಡಿ, ನಿನ್ನ ನಕ್ಷೆಯಲ್ಲಿ ತಪ್ಪಿದೆ, ತಟ್ಟೆ ತೇಲುವುದಿಲ್ಲ, ಮಾಡಬೇಡ ಎಂದು ಹೇಳಿಬಿಡು. ನಿನ್ನ ಹೆಸರು ಸ್ವಲ್ಪ ಕೆಡುತ್ತದೆ, ಹುಡುಗರು ಗೇಲಿ ಮಾಡುತ್ತಾರೆ. ಸುಳ್ಳು ಹೇಳೆಂದು ನಿನ್ನನ್ನು ಎಂದೂ ಕೇಳಿದವಳಲ್ಲ. ಆದರೆ ಮನೆಯಲ್ಲಿ ಈಗಾಗಲೇ ಇಷ್ಟು ಸುಳ್ಳುಗಳು ಓಡಾಡುತ್ತಿರುವಾಗ ಇನ್ನೊಂದಕ್ಕೆ ಜಾಗ ಸಿಕ್ಕೀತು.

ಹೊತ್ತಿಗೆ ಸರಿಯಾಗಿ ಉಣ್ಣು, ಮಳೆಯಲ್ಲಿ ನೆನೆಯಬೇಡ. ಕೃಷ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಸತ್ಯಭಾಮಾ

ತಾ.ಕ.: ಅನಿಲನಿಗೆ ಫೋನ್ ಮಾಡಬೇಡ! ಅಣ್ಣನಿಗೆ ಇಷ್ಟುದ್ದ ಏನು ಬರೆದೆ ಎಂದು ಶ್ರೀಪ್ರಿಯಾ ಕೇಳಿದಳು, ಎಲ್ಲ ಹೇಳಿದೆ. "ಅಪ್ಪಯ್ಯ ಬಿದ್ದರೆ ನಂಗೆ ಮದುವೆ ಎಂಥಕ್ಕೆ?" ಎಂದವಳೇ ಚಪ್ಪಲಿ ಮೆಟ್ಟಿ ಉಮಾವತಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿ ಬಂದಿದ್ದಾಳೆ. ಅವರು ಬೈಯಲಿಲ್ಲವಂತೆ, ಸಮಾಧಾನವನ್ನೂ ಹೇಳಲಿಲ್ಲವಂತೆ. ಕುಡಿಯಲು ನೀರು ಕೊಟ್ಟು, ಠಾಣೆಯ ಹುಡುಗನ ಮನೆಗೆ ಫೋನ್ ಮಾಡಲು ಒಳಗೆ ಹೋದರಂತೆ. ಅಪ್ಪಯ್ಯ ನಮ್ಮಿಬ್ಬರೊಡನೆಯೂ ಮಾತು ಬಿಟ್ಟು ಬಾಲ್ಕನಿಯಲ್ಲಿ ಕೂತಿದ್ದಾರೆ. ನೀನು ಅವರಿಗೆ ಬೇರೆಯೇ ಒಂದು ಕಾಗದ ಬರೆ, ಬುದ್ಧಿ ಹೇಳಲು ಹೋಗಬೇಡ, ಊಟವಾಯಿತೇ ಎಂದು ಕೇಳು ಸಾಕು. ಇನ್ನು ಮುಚ್ಚಿಡುವುದೇನಿಲ್ಲ, ರಾಯರಿಗೆ ಕಾರಣ ನಾನೇ ಹೇಳುತ್ತೇನೆ, ನೀನು ಕೊಳವೆಯನ್ನು ಮೂರ್ತಿಯ ಹಿಂದೆ ಇಟ್ಟು ಹೊಸ ನಕ್ಷೆ ಮಾಡಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸು, ಅನಿಲ ನಾಳೆಯಿಂದಲೇ ಪೀಠಕ್ಕೆ ಮೊಳೆ ಹೊಡೆಯುತ್ತಾನಂತೆ.